ಹಳ್ಳ ಮಗ್ಗಲು ಬದಲಿಸುವ ಊರು

ನಿಮ್ಮ ಊರು ಹಳ್ಳದ ಯಾವ ದಂಡೆಗಿದೆ ಎಂದು ಯಾರಾದರೂ ಕೇಳಿದರೆ, ಯಾವ ವರ್ಷದ ಮಾತು ಎಂದು ನಾನು ತಿರುಗಿ ಕೇಳುತ್ತೇನೆ. ಕೇಳಿದವರು ನನ್ನನ್ನು ಅರೆಹುಚ್ಚಿ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಬೇರೆ ಊರಿನ ಹಳ್ಳಗಳು ವರ್ಷಾನುಗಟ್ಟಲೆ ಒಂದೇ ಕುಣಿಯಲ್ಲಿ ಬಿದ್ದುಕೊಂಡಿರುತ್ತವೆ ಎಂದು ಮೊದಲ ಸಲ ಕೇಳಿದಾಗ ಆ ಊರಿನವರ ಬಗ್ಗೆ ನನಗೂ ಹಾಗೇ ಅನ್ನಿಸಿತ್ತು. ನಮ್ಮ ಹಳ್ಳ ಹಾಗಲ್ಲ. ಮುಂಗಾರಿನ ಮಿರಗದ ಮಳೆ ಬಿದ್ದು ಎರೆಮಣ್ಣು ಮೆತ್ತಗಾಯಿತೆಂದರೆ ಅದಕ್ಕೆ ಕಾಲು ಬರುತ್ತದೆ. ಒಂದು ದಿನ ಮಲಗಿದ ಜಾಗ ಬಿಟ್ಟೆದ್ದು, ಮೀನು, ಏಡಿ, ಕಪ್ಪೆ, ಜೇಕುಹುಲ್ಲು ಎಲ್ಲವನ್ನೂ ಕಟ್ಟಿಕೊಂಡು, ಊರಿನೊಳಗೆ ಬೇರೆ ಎಲ್ಲಾದರೂ ಹೋಗಿ ಹರಿಯುತ್ತದೆ. ನಾವು ಅದಕ್ಕೆ ಹಳ್ಳ ಮಗ್ಗಲಾಯಿತು ಎನ್ನುತ್ತೇವೆ.

ಪಡುವಣಕ್ಕೆ ಕರಿಗಲ್ಲಿನ ದಿನ್ನೆ, ಮೂಡಣಕ್ಕೆ ಬನ್ನಿಗಿಡಗಳ ಬಯಲು. ಇವೆರಡರ ನಡುವೆ ಹಳ್ಳ ಎಲ್ಲಿ ಬೇಕಾದರೂ ಹೋಗಬಹುದು, ಮತ್ತು ಹೋಗಿದೆ. ಆದ್ದರಿಂದ ನಮ್ಮ ಮನೆಗಳಿಗೆ ಹಿತ್ತಲು ಎಂಬುದಿಲ್ಲ. ಎರಡೂ ಕಡೆ ಬಾಗಿಲು, ಎರಡೂ ಕಡೆ ಕಟ್ಟೆ. ಹಳ್ಳ ಯಾವ ಕಡೆ ಬಂತೋ ಆ ವರ್ಷ ಅದೇ ಮುಂಬಾಗಿಲು. ದಾಟಲು ಊರಿಗೆಲ್ಲ ಒಂದು ಜೊತೆ ಈಚಲ ದಿಮ್ಮಿ. ಹಳ್ಳ ಹೋದಲ್ಲಿಗೆ ಅವನ್ನು ಹೆಗಲ ಮೇಲೆ ಹೊತ್ತು ಒಯ್ಯುತ್ತೇವೆ. ನೀರು ಎಂದೂ ಮೊಣಕಾಲು ಮೀರಿದ್ದಿಲ್ಲ. ಬಣವೆಯನ್ನು ನೆನೆಸಿದ್ದಿಲ್ಲ, ತೊಟ್ಟಿಲನ್ನು ಅಲುಗಿಸಿದ್ದಿಲ್ಲ, ಯಾರ ಮನೆಯ ಹೊಸಿಲನ್ನೂ ದಾಟಿದ್ದಿಲ್ಲ. ಹಳ್ಳ ಬಿಟ್ಟುಹೋದ ಜಾಗದಲ್ಲಿ ಬದನೆ ಹಾಕಿದರೆ ಗಿಡ ಬಾಗುವಷ್ಟು ಕಾಯಿ. ಸರ್ಕಾರದಿಂದ ನಕ್ಷೆ ಬರೆಯಲು ಒಬ್ಬ ಬಂದಿದ್ದ. ಬರೆದುಕೊಂಡು ಹೋದ. ಮರುವರ್ಷ ಅದನ್ನು ತಿದ್ದಲು ಬಂದ, ನಮ್ಮ ಮನೆಯಲ್ಲೇ ಉಂಡ, ತಲೆ ಕೆರೆದುಕೊಂಡ. ಅದರ ಮರುವರ್ಷ ಬರಲಿಲ್ಲ. ಈಗ ನಕ್ಷೆಯಲ್ಲಿ ನಮ್ಮ ಊರಿರುವ ಜಾಗ ಬರಿದಾಗಿದೆಯಂತೆ. ಅದರಿಂದ ನಮಗೇನೂ ತೊಂದರೆಯಾಗಿಲ್ಲ.

ಊರು ಹುಟ್ಟಿದ ಕಥೆಯೂ ಹಳ್ಳದ್ದೇ. ಒಂದು ಗುಂಪು ಮೂಡಣದಿಂದ ದನ ಹೊಡೆದುಕೊಂಡು ಬಂತು, ಇನ್ನೊಂದು ಪಡುವಣದಿಂದ ಕುರಿ ಹೊಡೆದುಕೊಂಡು ಬಂತು. ಆಚೆ ಈಚೆ ಬಿಡಾರ ಹೂಡಿದರು. ಈಚೆಯ ಹುಡುಗಿಯನ್ನು ಆಚೆಯ ಹುಡುಗನಿಗೆ ಕೊಟ್ಟರು, ಬೀಗರಾದರು. ಮರುವರ್ಷ ಹಳ್ಳ ಮಗ್ಗಲಾಯಿತು ನೋಡಿ, ಬೀಗರೆಲ್ಲ ಒಂದೇ ದಂಡೆಗೆ ಬಿದ್ದರು. ಯಾರು ಯಾರಿಗೆ ಕಾಲಿಗೆ ನೀರು ಕೊಡಬೇಕು, ಯಾರು ಮೊದಲು ಎಲೆಗೆ ಕೂರಬೇಕು ಎಂದು ದೊಡ್ಡ ಜಗಳವೇ ಆಯಿತು. ಹಸಿದ ಹೊಟ್ಟೆಯಲ್ಲಿ ಜಗಳಾಡಿ ಜಗಳಾಡಿ ಕೊನೆಗೆ ಹಿರಿಯರು ಹೀಗೆ ಮಾಡಿದರು: ಆಯಾ ವರ್ಷ ಯಾರ ಒಲೆಗಳು ಒಂದೇ ದಂಡೆಯಲ್ಲಿವೆಯೋ ಅವರೆಲ್ಲ ಅಣ್ಣ ತಮ್ಮ, ಅಕ್ಕ ತಂಗಿ. ಆಚೆ ದಂಡೆಯವರು ಬೀಗರು. ಹೆಣ್ಣು ಕೊಡುವುದು ತರುವುದು ಏನಿದ್ದರೂ ಹಳ್ಳ ದಾಟಿಯೇ. ಒಡಹುಟ್ಟಿದವರ ಲೆಕ್ಕಕ್ಕೆ ಹಳ್ಳ ಕೈ ಹಾಕುವುದಿಲ್ಲ, ಒಮ್ಮೆ ತಾಳಿ ಕಟ್ಟಿದ ಮೇಲೆಯೂ ಅದು ಎಲ್ಲಿ ಹೋದರೂ ಚಿಂತೆಯಿಲ್ಲ. ತಾಳಿ ಕಟ್ಟುವ ದಿನ ಮಾತ್ರ ಅದು ನಡುವೆ ಇರಬೇಕು.

ಹೀಗಾಗಿ ನಮ್ಮಲ್ಲಿ ಹಳ್ಳ ಮಗ್ಗಲಾದ ದಿನ ಊರ ತುಂಬ ನಗು. ನಿನ್ನೆಯವರೆಗೆ ಅಕ್ಕಾ ಎಂದು ತಲೆ ತಗ್ಗಿಸಿ ಹೋಗುತ್ತಿದ್ದ ಹುಡುಗ ಇಂದು ಆಚೆ ದಂಡೆಯಿಂದ ಅತ್ತಿಗೆಯನ್ನು ಕರೆದ ಹಾಗೆ ಅತ್ತೀ ಎಂದು ಕೂಗಿ ನೀರೆರಚುತ್ತಾನೆ. ನಿನ್ನೆ ಚೇಷ್ಟೆ ಮಾಡಿದವನು ಇಂದು ಮೆಲ್ಲಗೆ ಬಂದು ತಂಗೀ, ಒಂದಿಷ್ಟು ಮಜ್ಜಿಗೆ ಕೊಡವ್ವಾ ಎನ್ನುತ್ತಾನೆ. ನಾಲಗೆ ತಿರುಗಲು ಎರಡು ದಿನ ಬೇಕು. ತಿಪ್ಪಣ್ಣನೆಂಬ ಜಾಣ ಒಬ್ಬ ಹುಡುಗಿಯ ಆಸೆಗೆ ರಾತ್ರೋರಾತ್ರಿ ಒಲೆ ಹೊತ್ತು ಆಚೆ ದಂಡೆಗೆ ಹೋಗಿ ಬಿಡಾರ ಹೂಡಿದ. ಅಕಾಲದಲ್ಲಿ, ಸುಡುಬಿಸಿಲಿನಲ್ಲಿ, ಹಳ್ಳ ಎದ್ದು ಅವನ ಬಿಡಾರದ ಬೆನ್ನಿಗೆ ಹೋಗಿ ಮಲಗಿತು. ಮತ್ತೆ ಇಬ್ಬರೂ ಅಣ್ಣ ತಂಗಿ. ಅವನೊಬ್ಬನ ಸಲುವಾಗಿ ಇಡೀ ಊರು ಮತ್ತೆ ನಾಲಗೆ ತಿರುಗಿಸಬೇಕಾಯಿತಲ್ಲ, ಹೆಂಗಸರು ಅವನಿಗೆ ಬೈದದ್ದು ಅಷ್ಟಿಷ್ಟಲ್ಲ. ಅವತ್ತಿನಿಂದ ಹಳ್ಳಕ್ಕೆ ಮೋಸ ಮಾಡುವ ಉಸಾಬರಿಗೆ ಯಾರೂ ಹೋಗಿಲ್ಲ.

ಇನ್ನು ನನ್ನ ನಾದಿನಿ ದುಂಡವ್ವನ ವಿಷಯ. ನಮ್ಮವರ ತಂಗಿ. ನಾನು ಹಳ್ಳ ದಾಟಿ ಈ ಮನೆಗೆ ಬಂದಾಗ ಅವಳಿಗೆ ಎರಡು ಜಡೆ. ಈಗ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಊರಿನ ಯಾವ ಮದುವೆಗಾದರೂ ಹೋಳಿಗೆ ಅವಳದೇ. ಅವಳು ಲಟ್ಟಿಸಿದ ಹೋಳಿಗೆಯನ್ನು ಬೆಳಕಿಗೆ ಹಿಡಿದರೆ ಆಚೆ ನಿಂತವರ ಮುಖ ಕಾಣುತ್ತದೆ. ನಮ್ಮ ಪಕ್ಕದ ಮನೆಯ ಅಡಿವೆಪ್ಪ ಸನಾದಿ ಊದುವವನು. ಯಾವ ಮದುವೆಯಾದರೂ ಊದುವುದು ಅವನೇ. ಹೀಗೆ ಇವಳು ಮಾಡಿದ್ದನ್ನು ಉಂಡು, ಅವನು ಊದಿದ್ದನ್ನು ಕೇಳಿ, ಊರಿನವರೆಲ್ಲ ಮದುವೆಯಾದರು. ಇವರಿಬ್ಬರು ಉಳಿದರು.

ಉಳಿದದ್ದಕ್ಕೆ ಕಾರಣ ಒಂದು ಗೋಡೆ. ಎರಡೂ ಮನೆಯ ಅಜ್ಜಂದಿರು ಜೀವದ ಗೆಳೆಯರಂತೆ. ಜೊತೆಗೇ ಮನೆ ಕಟ್ಟಿದರು. ಇಬ್ಬರೂ ಕೈ ಬಿಗಿ. ಅಕ್ಕಪಕ್ಕ ಎರಡು ಗೋಡೆ ಯಾಕೆ ದಂಡ ಎಂದು ನಡುವೆ ಒಂದೇ ಗೋಡೆ ಎಬ್ಬಿಸಿ, ಈ ಕಡೆ ನಮ್ಮ ತೊಲೆ, ಆ ಕಡೆ ಅವರ ತೊಲೆ ಇಟ್ಟರು. ಎರಡು ಮನೆಯ ನಡುವೆ ಒಂದು ಗೇಣು ಸಂದಿಯಿದ್ದರೂ ಹಳ್ಳ ಮೈ ಸಣ್ಣ ಮಾಡಿಕೊಂಡು ಹೋಗುತ್ತದೆ. ಸಂದಿಯೇ ಇಲ್ಲವೆಂದರೆ ಅದು ತಾನೆ ಏನು ಮಾಡೀತು? ವರ್ಷ ವರ್ಷವೂ ಮುಂದಿನಿಂದ ಹೋಯಿತು, ಇಲ್ಲವೇ ಹಿಂದಿನಿಂದ ಹೋಯಿತು. ಅಜ್ಜಂದಿರು ಉಳಿಸಿದ ಮಣ್ಣು ಮೊಮ್ಮಕ್ಕಳ ತಲೆಯ ಮೇಲೆ ಬಿತ್ತು.

ಆ ನಡುಗೋಡೆಯಲ್ಲಿ ಒಂದು ಕಿಂಡಿಯಿತ್ತು. ಕೆಂಡ, ಹೆಪ್ಪು, ಒಂದು ಹಿಡಿ ಉಪ್ಪು ದಾಟಿಸಲೆಂದು ಇಟ್ಟದ್ದು. ದುಂಡವ್ವ ಅದರಲ್ಲಿ ಹೋಳಿಗೆ ಇಡುತ್ತಿದ್ದಳು. ಅಡಿವೆಪ್ಪ ಆ ಕಡೆ ಕೂತು ಸನಾದಿಯಲ್ಲಿ ಒಂದು ಎಳೆ ಊದುತ್ತಿದ್ದ, ರುಚಿಯಾಗಿದೆ ಎಂದು. ಒಂದೇ ದಂಡೆಯಾದ್ದರಿಂದ ಅವನು ತಂಗೀ ಎನ್ನಬೇಕು, ಇವಳು ಅಣ್ಣಾ ಎನ್ನಬೇಕು. ಇಬ್ಬರೂ ಅನ್ನಲಿಲ್ಲ. ಕರೆಯಬೇಕಾದಾಗ ಇವಳು ಸೌಟಿನಿಂದ ಗೋಡೆ ಬಡಿಯುತ್ತಿದ್ದಳು. ಅವನು ಕೆಮ್ಮುತ್ತಿದ್ದ. ನೆಗಡಿಯೂ ಆಗದ ಗಟ್ಟಿ ಮನುಷ್ಯ, ವರ್ಷಪೂರ್ತಿ ಕೆಮ್ಮುತ್ತಿದ್ದ. ಊರಿಗೆಲ್ಲ ಗೊತ್ತಿತ್ತು, ಯಾರೂ ನಗಲಿಲ್ಲ. ಹಳ್ಳ ಮಗ್ಗಲಾಗುವ ದಿನ ದುಂಡವ್ವ ತಲೆ ಬಾಚಿಕೊಂಡು ಕಟ್ಟೆಯ ಮೇಲೆ ನಿಲ್ಲುವಳು. ಹಳ್ಳ ಈ ಕಡೆಯೋ ಆ ಕಡೆಯೋ ಹೋಗುವುದು. ಅವಳು ಒಳಗೆ ಬಂದು ಕಣಕ ನಾದುವಳು. ನನಗೆ ಆ ಹಳ್ಳಕ್ಕೆ ಎರಡು ಬಾರಿಸಬೇಕು ಅನ್ನಿಸುತ್ತಿತ್ತು.

ಒಂದು ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಹಿಟ್ಟಿನ ಗಿರಣಿಯ ಮಹಾರುದ್ರಪ್ಪ ಬಂದು ನಮ್ಮವರ ಎದುರು ಕೂತ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಅವನ ಮನೆ ಆಗ ಆಚೆ ದಂಡೆಯಲ್ಲಿತ್ತು. ಒಳ್ಳೆಯ ಮನುಷ್ಯ, ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟು. ಹಳ್ಳ ನಡುವೆ ಇರುವಾಗಲೇ ದುಂಡವ್ವನನ್ನು ಕೇಳಿಕೊಂಡು ಹೋಗೋಣ ಎಂದು ಬಂದಿದ್ದ. ನಮ್ಮವರು ನನ್ನ ಮುಖ ನೋಡಿದರು, ನಾನು ದುಂಡವ್ವನ ಮುಖ ನೋಡಿದೆ.

"ಮಾಮಾ, ಹಳ್ಳ ಒಮ್ಮೆ ಮಗ್ಗಲಾಗಲಿ," ಎಂದಳು ದುಂಡವ್ವ. "ಈ ಸಲ ಎರಡೂ ಮನಿ ನಡುವ ಬಂದ್ರ ಬಂತು. ಬರಲಿಲ್ಲಂದ್ರ, ನೀವು ಆಗಲೂ ಆಚಿ ದಂಡ್ಯಾಗ ಇದ್ರ, ನಾ ಹೂಂ ಅಂತೀನಿ. ನಂಗೂ ಕಟ್ಟಿ ಮ್ಯಾಲೆ ನಿಂತು ನಿಂತು ಕಾಲು ಸೋತಾವು."

"ಅಷ್ಟ ಆಗಲಿ," ಎಂದ ಮಹಾರುದ್ರಪ್ಪ. ಎದ್ದು ಹೋಗುವಾಗ, "ನಡುವ ಬಂದ್ರೂ ನಂಗೇನ ಬ್ಯಾಸರ ಇಲ್ಲವ್ವಾ, ಹೋಳಿಗಿಗೆ ಕರೀರಿ," ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಬರುವುದಿಲ್ಲ.

ನಾನು ನೆಟ್ಟಗೆ ಒಳಗೆ ಹೋಗಿ ಕಿಂಡಿಗೆ ಬಾಯಿ ಹಚ್ಚಿ ಇದ್ದದ್ದನ್ನು ಇದ್ದ ಹಾಗೆ ಅಡಿವೆಪ್ಪನಿಗೆ ಹೇಳಿದೆ. ಅವನು ಕೆಮ್ಮಲಿಲ್ಲ, ಊದಲೂ ಇಲ್ಲ. ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಗೋಡೆಯೂ ನನ್ನ ಜೊತೆ ಬಡಿದುಕೊಳ್ಳತೊಡಗಿತು. ನೋಡುತ್ತೇನೆ, ಕಿಂಡಿ ಇದ್ದಲ್ಲಿ ಕಿಟಕಿಯಾಗಿದೆ. ಅದರಲ್ಲಿ ಅಡಿವೆಪ್ಪನ ಮುಖ, ಮೀಸೆಯ ತುಂಬ ಮಣ್ಣು, ಕೈಯಲ್ಲಿ ಹಾರೆ.

"ಏನ್ ಮಾಡಾಕತ್ತೀಯೋ ತಮ್ಮಾ?" ಎಂದೆ.

"ಹಳ್ಳಕ್ಕ ದಾರಿ ಮಾಡಾಕತ್ತೀನ್ರಿ ಅಕ್ಕಾರ."

"ತಿಪ್ಪಣ್ಣನ ಗತಿ ನೆನಪೈತಿಲ್ಲೋ?"

"ಅದು ಮೋಸ ಇತ್ರಿ. ನಾ ಒಲಿ ಎಲ್ಲಿಗೂ ಒಯ್ಯಂಗಿಲ್ಲ. ಬರೋರಿಗೆ ಬಾಗಲಾ ತಗದು ಕೂಡ್ರತೀನಿ, ಅಷ್ಟ. ಬರೋದು ಬಿಡೋದು ಅದರ ಮರ್ಜಿ."

ಅದೂ ಸರಿ ಅನ್ನಿಸಿತು. ನೆಂಟರನ್ನು ಎಳೆದು ತರಬಾರದು, ಆದರೆ ಬಾಗಿಲು ತೆರೆದಿಡಬಾರದೆಂದು ಎಲ್ಲೂ ಇಲ್ಲವಲ್ಲ. ನಮ್ಮ ಮನೆಯ ಹಾರೆ ಕಾಳು ತುಂಬುವ ಹಗೇವಿನ ಪಕ್ಕದಲ್ಲಿತ್ತು. ತೆಗೆದುಕೊಂಡು ನಾನೂ ಈ ಕಡೆಯಿಂದ ಒಂದು ಏಟು ಹಾಕಿದೆ. ಹೋಳಿಗೆಯ ಹೂರಣ ರುಬ್ಬುತ್ತಿದ್ದ ದುಂಡವ್ವ ಬಂದು ನೋಡಿ, ಬುಟ್ಟಿ ತಂದು ಬಿದ್ದ ಮಣ್ಣು ತುಂಬತೊಡಗಿದಳು. ಅವಳದು ಹಬ್ಬದ ದಿನದ ಮುಖ.

ನಮ್ಮವರು ಹೊಲದಿಂದ ಬಂದು ಬಾಗಿಲಲ್ಲೇ ನಿಂತುಬಿಟ್ಟರು. "ನಿಮಗ ಬುದ್ಧಿ ಐತೇನು? ಜಂತಿ ತಲಿ ಮ್ಯಾಲೆ ಬೀಳತಾವು," ಎಂದರು.

"ಕಂಬ ಕೊಡ್ರಿ," ಎಂದೆ.

"ಎಲ್ಲಿಂದ ತರಲಿ?"

"ಅಟ್ಟದ ಮ್ಯಾಲೆ ಬಂಡಿ ಮಾಡಸ್ತೀನಂತ ಇಟ್ಟೀರಲ್ಲ, ಅವನ್ನ ತರ್ರಿ. ಬಂಡಿ ಆಮ್ಯಾಲೆ."

ಆ ಮರ ಅವರು ಜೀವದಂತೆ ಕಾಪಾಡಿಕೊಂಡದ್ದು. ಮುಖ ಊದಿಸಿಕೊಂಡು ಅಟ್ಟ ಹತ್ತಿದರು. ಇಳಿದು ಬರುವಾಗ ಒಂದೊಂದು ಕಂಬಕ್ಕೂ ಒಂದೊಂದು ಬೈಗುಳ ಇತ್ತು, ಆದರೆ ಕಂಬಗಳನ್ನು ನಿಲ್ಲಿಸಿದ್ದು ಎಷ್ಟು ಗಟ್ಟಿಯಾಗಿತ್ತೆಂದರೆ ಇವತ್ತಿಗೂ ಅಲುಗಿಲ್ಲ. ಸುದ್ದಿ ಊರ ತುಂಬ ಹಬ್ಬಿತು. ಎರಡೂ ದಂಡೆಯವರು ಸಲಿಕೆ, ಬುಟ್ಟಿ ಹಿಡಿದು ಬಂದರು. ಗೋಡೆ ಕೆಡಹುವುದಕ್ಕೆ ಇಷ್ಟು ಜನ ಯಾಕೆ ಎಂದರೆ ಯಾರೂ ಕೇಳಲಿಲ್ಲ. ಅಜ್ಜಂದಿರ ಗೋಡೆ ಸುಮ್ಮನೆ ಬೀಳುವಂಥದ್ದಲ್ಲ, ಎರಡು ಮೊಳ ಉದ್ದದ ಹೆಂಟೆಗಳಾಗಿ ಬಿತ್ತು. ಅಡಿವೆಪ್ಪ ನಡುನಡುವೆ ಹಾರೆ ಇಟ್ಟು ಸನಾದಿ ಊದಿದ. ನಾನು ದೊಡ್ಡ ಬೋಗುಣಿಯಲ್ಲಿ ಹುಗ್ಗಿ ಮಾಡಿ ಬಡಿಸಿದೆ. ಕೊನೆಯ ಹೆಂಟೆ ಹೊರಗೆ ಹೋದಾಗ ಈ ತುದಿಯಲ್ಲಿ ನಮ್ಮ ಒಲೆ, ಆ ತುದಿಯಲ್ಲಿ ಅವನ ಒಲೆ, ನಡುವೆ ಉದ್ದಾನುದ್ದ ಬಯಲು. ಇಷ್ಟು ವರ್ಷ ಕಿಂಡಿಯಲ್ಲಿ ಕೈಯಷ್ಟೇ ನೋಡಿಕೊಂಡಿದ್ದ ಇಬ್ಬರು ಅಡಗಲು ಗೋಡೆಯಿಲ್ಲದೆ ಎದುರುಬದುರು ನಿಂತಿದ್ದರು. ದುಂಡವ್ವ ಸೆರಗು ತಲೆಯ ಮೇಲೆಳೆದುಕೊಂಡಳು. ಅವನು ಅಭ್ಯಾಸಬಲದಿಂದ ಕೆಮ್ಮಿದ. ಎಲ್ಲರೂ ನಕ್ಕರು.

ಆಗ ಹೊನ್ನಜ್ಜಿ ಬಂದಳು. ದಂಡೆಯ ವಿಷಯದಲ್ಲಿ ನಮ್ಮ ಊರಿನಲ್ಲಿ ಅವಳದೇ ಕೊನೆಯ ಮಾತು. ಅವಳಿಗಿಂತ ಹಿರಿಯರು ಯಾರೂ ಉಳಿದಿಲ್ಲ. ಕೋಲೂರಿಕೊಂಡು ನಮ್ಮ ಒಲೆಯಿಂದ ಹೊರಟು ಅವನ ಒಲೆಯವರೆಗೆ ನಡೆದಳು, ತಿರುಗಿ ಬಂದಳು, ತೊಲೆ ನೋಡಿದಳು, ಕಂಬ ನೋಡಿದಳು.

"ಚಂದ ಮಾಡೀರಿ," ಎಂದಳು. "ಆದ್ರ ಇದು ಒಂದ ಮನಿ ಆತಲ್ಲ."

ಯಾರಿಗೂ ಮೊದಲು ತಿಳಿಯಲಿಲ್ಲ.

"ಹಳ್ಳ ಎಂದಾರ ಮನಿಯೊಳಗ ಬಂದೈತೇನು? ಎರಡು ಮನಿ ಇದ್ದಾಗ ಇವತ್ತಿಲ್ಲ ನಾಳೆ ಅಂತ ಒಂದು ಆಸೆ ಇತ್ತು. ಈಗ ಗೋಡಿ ಇಲ್ಲ, ಸೂರು ಒಂದ, ಒಳಗ ಒಂದ. ಇಷ್ಟು ದಿವಸ ಒಂದ ದಂಡಿಯಂವ ಇದ್ದ. ಈಗ ನೀವ ಕೈಯಾರೆ ಅವನನ್ನ ಮನಿ ಮಗನ್ನ ಮಾಡೀರಿ. ಒಂದ ಮನಿಯ ಅಣ್ಣ ತಂಗಿನ್ನ ಯಾವ ಹಳ್ಳ ಬ್ಯಾರೆ ಮಾಡೀತವ್ವಾ?"

ಸಲಿಕೆ ಹಿಡಿದು ಬಂದವರು ಒಬ್ಬೊಬ್ಬರಾಗಿ ನೆಲ ನೋಡುತ್ತ ಹೊರಗೆ ಹೋದರು. ಇದು ಬೇರೆ ಊರಿನವರು ಮಾಡುವಂಥ ತಪ್ಪಲ್ಲ; ಬೇರೆ ಊರಿನಲ್ಲಿ ಗೋಡೆ ಬಿದ್ದರೆ ಗೋಡೆ ಬಿತ್ತು, ಅಷ್ಟೇ. ದುಂಡವ್ವ ನೆಲದ ಮೇಲೆ ಕೂತಳು. ಕಣ್ಣಲ್ಲಿ ನೀರಿರಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಮತ್ತ ಕಟ್ಟೋಣ," ಎಂದರು ನಮ್ಮವರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಕೆಡವಿದ್ದು ನಾವ ಅಲ್ಲೇನು? ಕಟ್ಟೋಣ. ಎರಡು ಮನಿ ಆಗ್ಲಿ. ಮುಂದಿನ ಮಾತು ಮುಂದ."

ಆದರೆ ಮಿರಗ ಶುರುವಾಗಿತ್ತು. ಮಣ್ಣಿಗೆ ಹುಲ್ಲು ಬೆರೆಸಿ ತುಳಿದೆವು, ಉಂಡೆ ಮಾಡಿದೆವು, ಇಟ್ಟೆವು. ಬಾಗಿಲಿನಿಂದ ಬೀಸುವ ಇರಚಲಿಗೆ ಸಂಜೆಗೆ ಕಟ್ಟಿದ್ದು ಬೆಳಿಗ್ಗೆ ಜಾರಿ ಕೂತಿರುತ್ತಿತ್ತು. ದುಂಡವ್ವ ಉಂಡೆ ಕೊಡುವಳು, ಅಡಿವೆಪ್ಪ ಇಡುವನು. ಇಬ್ಬರನ್ನು ಬೇರೆ ಮಾಡುವ ಗೋಡೆಯನ್ನು ಇಬ್ಬರೇ ಸೇರಿ ಕಟ್ಟುವುದನ್ನು ನೋಡಲಾರದೆ ನಾನು ಒಲೆಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಒಂದು ದಿನ ಮಹಾರುದ್ರಪ್ಪನೂ ಬಂದು ಧೋತರ ಎತ್ತಿ ಕಟ್ಟಿ ಮಣ್ಣು ತುಳಿಯತೊಡಗಿದ.

"ನಿಮಗ್ಯಾಕ್ರಿ ಈ ಕೆಲಸ?" ಎಂದೆ.

"ಗೋಡಿ ಬಿದ್ದದ್ದಕ್ಕ ನಾ ಗೆದ್ದೆ ಅನ್ನಂಗ ಆಗಬಾರದ್ರಿ," ಎಂದ. "ಅದು ಏಳಲಿ. ಹಳ್ಳ ಏನ್ ಹೇಳತೈತೋ ಹೇಳಲಿ."

ಗೋಡೆ ಮೊಣಕಾಲಿನ ಮಟ್ಟಕ್ಕೆ ಬಂದಿತ್ತು. ಆ ಬೆಳಿಗ್ಗೆ ಮಳೆ ಬಿಟ್ಟು ಎಳೆಬಿಸಿಲು ಬಿದ್ದಿತ್ತು. ನಾವು ಐದೂ ಜನ ಮೊಣಕೈವರೆಗೆ ಕೆಸರಾಗಿದ್ದೆವು. ದೂರದಲ್ಲಿ ಕುರಿಹಿಂಡು ಓಡಿ ಬಂದಂಥ ಸಪ್ಪಳ. ನಮ್ಮ ಊರಿನಲ್ಲಿ ಆ ಸಪ್ಪಳ ಗೊತ್ತಿಲ್ಲದವರಿಲ್ಲ. ಓಣಿಯಲ್ಲಿ ಯಾರೋ, "ದಾರಿ ಬಿಡ್ರಿ, ಹಳ್ಳ ಬಂತು," ಎಂದು ಕೂಗಿಕೊಂಡು ಹೋದರು. ಕೋಳಿಗಳು ಕಟ್ಟೆ ಹತ್ತಿದವು. ದುಂಡವ್ವ ಆ ಸಲ ಕಟ್ಟೆಗೆ ಹೋಗಲಿಲ್ಲ. ಕೈಯಲ್ಲಿ ಮಣ್ಣಿನ ಉಂಡೆ ಹಿಡಿದು ನಿಂತಲ್ಲೇ ನಿಂತಳು. ನಾನೇ ಬಾಗಿಲಿಗೆ ಹೋದೆ.

ಹಳ್ಳ ಗಿರಣಿ ದಾಟಿತು, ಬಾವಿ ದಾಟಿತು, ನಮ್ಮ ಓಣಿಗೆ ತಿರುಗಿತು. ಮುಂದೆ ಮೀನುಗಳು ಎಗರುತ್ತಿದ್ದವು. ನೆಟ್ಟಗೆ ನಮ್ಮ ಕಟ್ಟೆಯವರೆಗೆ ಬಂದು ನಿಂತುಬಿಟ್ಟಿತು. ಹಳ್ಳ ನಿಂತದ್ದನ್ನು ಅದಕ್ಕಿಂತ ಮೊದಲು ಯಾರೂ ನೋಡಿರಲಿಲ್ಲ. ಎರಡು ಮನೆ ಎನ್ನೋಣವೆಂದರೆ ಗೋಡೆ ಮೊಣಕಾಲಿನಷ್ಟು, ಒಂದು ಮನೆ ಎನ್ನೋಣವೆಂದರೆ ಅಷ್ಟಾದರೂ ಗೋಡೆಯಿದೆ. ಅದಕ್ಕೆ ಏನನ್ನಿಸಿತೋ ನಾನು ಹೇಳಲಾರೆ, ಅದರ ಹೊಟ್ಟೆಯೊಳಗೆ ನಾನೇನೂ ಹೊಕ್ಕು ನೋಡಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತು ಕಟ್ಟೆಯ ಕಲ್ಲು ತೊಳೆಯಿತು. ಆಮೇಲೆ ಅರ್ಧ ನೀರು ನಮ್ಮ ಒಲೆಯ ಗೋಡೆಯನ್ನು ಸುತ್ತಿಕೊಂಡು ಎಡಕ್ಕೆ ಹೋಯಿತು. ಇನ್ನರ್ಧ ಅಡಿವೆಪ್ಪನ ಒಲೆಯ ಗೋಡೆಯನ್ನು ಸುತ್ತಿಕೊಂಡು ಬಲಕ್ಕೆ ಹೋಯಿತು. ಮನೆಯ ಆಚೆ ಬಾಗಿಲಿಗೆ, ನನ್ನ ನುಗ್ಗೆಗಿಡದ ಹತ್ತಿರ, ಎರಡೂ ಕೂಡಿ ಮತ್ತೆ ಒಂದೇ ಹಳ್ಳವಾಗಿ ಬಯಲಿಗೆ ಇಳಿದವು.

ನಮ್ಮ ಸುತ್ತ ನೀರು. ನಾವು ನಡುವೆ.

ಎಡದಂಡೆಯವರು ಎಡಕ್ಕೆ ಬಂದು ನಿಂತರು, ಬಲದಂಡೆಯವರು ಬಲಕ್ಕೆ. ಕರೆಯಲೆಂದು ಬಾಯಿ ತೆರೆದವರು ತೆರೆದ ಹಾಗೇ ಉಳಿದರು. ನನ್ನನ್ನು ಅಕ್ಕಾ ಎನ್ನಬೇಕೋ ಅತ್ತೀ ಎನ್ನಬೇಕೋ ಒಬ್ಬರಿಗೂ ಗೊತ್ತಿಲ್ಲ. ಎಡದವರು ಇವರು ನಿಮ್ಮ ಕಡೆಯವರು ಎಂದರೆ ಬಲದವರು ಅಲ್ಲ ನಿಮ್ಮ ಕಡೆಯವರು ಎಂದರು. ಹೊನ್ನಜ್ಜಿಯನ್ನು ಕರೆಯಿರಿ ಎಂದು ಎರಡೂ ಕಡೆಯಿಂದ ಕೂಗಾಯಿತು. ಈಚಲ ದಿಮ್ಮಿಗಳು ಹಳೆಯ ಜಾಗದಲ್ಲೇ ಉಳಿದಿದ್ದವು. ಮಹಾರುದ್ರಪ್ಪ ಧೋತರ ಇನ್ನಷ್ಟು ಎತ್ತಿಕೊಂಡು ನೀರಿಗೆ ಇಳಿದ, ಆಚೆ ಹೋಗಿ ಅಜ್ಜಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಅಜ್ಜಿ ಅವನ ತಲೆ ಹಿಡಿದುಕೊಂಡಿದ್ದಳು. ಕೈಗೆ ಹಿಟ್ಟು ಹತ್ತಿತೆಂದು ದಾರಿಯುದ್ದಕ್ಕೂ ಬೈದಳು.

ನಮ್ಮ ಕಟ್ಟೆಯ ಮೇಲೆ ಕೂತು ಆಕೆ ಎಡದ ನೀರು ನೋಡಿದಳು, ಬಲದ ನೀರು ನೋಡಿದಳು. ನಾನು ದುಂಡವ್ವನ ಕೈ ಹಿಡಿದುಕೊಂಡೆ. ಅವಳ ಕೈಯ ಉಂಡೆ ನಮ್ಮಿಬ್ಬರ ಬೆರಳುಗಳ ನಡುವೆ ಹಿಸುಕಿಹೋಯಿತು.

"ಇವರಿಗೆ ದಂಡಿ ಇಲ್ಲ," ಎಂದಳು ಹೊನ್ನಜ್ಜಿ. "ಆ ಕಡಿದೂ ಇಲ್ಲ, ಈ ಕಡಿದೂ ಇಲ್ಲ."

"ಒಂದ ಮನಿಯವರು ಅಣ್ಣ ತಂಗಿ ಅಂತ ನೀನ ಹೇಳಿದ್ದಿಯಲ್ಲ," ಎಂದೆ. ಕೇಳದೆ ಇರಲಾಗಲಿಲ್ಲ.

"ಹೇಳಿದ್ದೆ. ಒಂದ ದಂಡಿ ಮ್ಯಾಲಿನ ಒಂದ ಮನಿ ಇದ್ದಾಗಿನ ಮಾತು ಅದು. ಒಂದ ಮನಿಯೊಳಗ ಅಣ್ಣ ತಂಗಿನೂ ಇರ್ತಾರ, ಗಂಡ ಹೆಂಡತಿನೂ ಇರ್ತಾರ. ನೀನು ನಿನ್ನ ಗಂಡ ಇಲ್ಲೇನು? ಯಾರು ಯಾರಿಗೆ ಏನು ಅಂತ ಹೇಳಾಕ ನಮಗ ದಂಡಿ ಬೇಕು. ಇವರಿಗೆ ದಂಡಿನ ಇಲ್ಲ ಅಂದ್ರ ಹೇಳೋರು ಯಾರು? ತಾವ ಹೇಳಿಕೊಳ್ಳಲಿ."

ಅದನ್ನು ಹತ್ತು ದಿನ ಮೊದಲೇ ಹೇಳಿದ್ದರೆ ಇಷ್ಟು ಮಣ್ಣು ತುಳಿಯುವುದು ತಪ್ಪುತ್ತಿತ್ತು ಎಂದು ನಾನು ಅನ್ನಬೇಕೆಂದಿದ್ದೆ, ನಮ್ಮವರು ನನ್ನ ಸೆರಗು ಜಗ್ಗಿದರು. ಅಷ್ಟರಲ್ಲಿ ಎರಡೂ ದಂಡೆಯಲ್ಲಿ ಕೇಕೆ ಎದ್ದಿತು. ಹುಡುಗರು ನೀರಿಗೆ ಜಿಗಿದರು. ಮಹಾರುದ್ರಪ್ಪ ಒದ್ದೆ ಧೋತರದಲ್ಲೇ ಬಂದು ಅಡಿವೆಪ್ಪನ ಬೆನ್ನಿಗೆ ಗುದ್ದಿ, ಹೋಳಿಗೆಗೆ ಹಿಟ್ಟು ನನ್ನದು ಎಂದ. ಮದುವೆ ಮುಂದಿನ ಸೋಮವಾರ ಆಯಿತು. ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಎಂದು ಇಲ್ಲದೆ ಎರಡೂ ದಂಡೆಯವರು ಪಾದ ನೀರಿನಲ್ಲಿಟ್ಟುಕೊಂಡು ಕೂತು ಉಂಡರು. ಮದುಮಗನೇ ಸನಾದಿ ಊದಿದ, ತಾಳಿ ಕಟ್ಟುವಷ್ಟು ಹೊತ್ತು ಮಾತ್ರ ಅದನ್ನು ನಮ್ಮವರ ಕೈಗೆ ಕೊಟ್ಟಿದ್ದ. ಅದೆಲ್ಲ ಆಮೇಲಿನದು. ನನಗೆ ಮದುವೆಗಿಂತ ಹೆಚ್ಚು ನೆನಪಿರುವುದು ಅದೇ ಬೆಳಗಿನ ಇನ್ನೊಂದು ಚೂರು.

ಕೇಕೆ ಅಡಗಿದ ಮೇಲೆ ದುಂಡವ್ವ ನನ್ನ ಕೈ ಬಿಡಿಸಿಕೊಂಡು ಹೊನ್ನಜ್ಜಿಯ ಮುಂದೆ ಹೋಗಿ ನಿಂತಳು.

"ಅಜ್ಜೀ, ಅಣ್ಣಾ ಅನ್ನಂಗಿಲ್ಲ. ಆಚಿ ದಂಡಿಯವರಲ್ಲ, ಮಾಮಾ ಅಂತನೂ ಅನ್ನಾಕ ಬರಂಗಿಲ್ಲ. ಇವರನ್ನ ನಾ ಏನಂತ ಕರೀಲಿ?"

ಹೊನ್ನಜ್ಜಿ ಯೋಚಿಸಿದಳು. ಅಷ್ಟು ಹೊತ್ತು ಅವಳು ಯೋಚಿಸಿದ್ದನ್ನೂ ನಾವು ಅವತ್ತೇ ಮೊದಲು ನೋಡಿದ್ದು.

"ದಂಡಿ ಇಲ್ಲದವರಿಗೆ ಏನನ್ನಬೇಕಂತ ನಮ್ಮ ಹಿರೇರು ಹೇಳೇ ಇಲ್ಲವ್ವಾ," ಎಂದಳು. "ಅವನ ಅಪ್ಪ ಅವ್ವ ತೊಟ್ಟಲದಾಗ ಹಾಕಿ ಒಂದು ಹೆಸರು ಇಟ್ಟಾರಲ್ಲ. ಅದ ಉಳೀತು."

ನೋಡಿ, ನಮ್ಮಲ್ಲಿ ಹೆಂಗಸರು ತಮ್ಮವರ ಹೆಸರು ಎತ್ತುವುದಿಲ್ಲ. ಇಷ್ಟು ಹೇಳಿದೆನಲ್ಲ, ನಮ್ಮವರ ಹೆಸರು ನನ್ನ ಬಾಯಲ್ಲಿ ಒಮ್ಮೆಯಾದರೂ ಬಂತೇ? ಬರುವುದಿಲ್ಲ. ಊರಿನ ಎಲ್ಲ ಹೆಂಗಸರೂ ಎರಡೂ ದಂಡೆಯಲ್ಲಿ ನಿಂತು ದುಂಡವ್ವನ ಬಾಯಿಯನ್ನೇ ನೋಡುತ್ತಿದ್ದರು. ಅವಳು ತಿರುಗಿದಳು. ಅವನು ಮೊಣಕಾಲೆತ್ತರದ ಗೋಡೆಯ ಆ ಕಡೆ, ಕೈಗೆಟಕುವಷ್ಟು ಹತ್ತಿರದಲ್ಲೇ ನಿಂತಿದ್ದ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಆಮೇಲೆ, ಗಟ್ಟಿಯಾಗಿಯೇ, ಎರಡೂ ದಂಡೆಗೆ ಕೇಳುವ ಹಾಗೆ ಕರೆದಳು.

"ಅಡಿವೆಪ್ಪಾ."

ಅಡಿವೆಪ್ಪ ಕೆಮ್ಮಲಿಲ್ಲ. ದಿನ್ನೆಯ ಆಚೆಯಿಂದ ಯಾರೋ ಕರೆದರೇನೋ ಎಂಬಂತೆ ಕತ್ತೆತ್ತಿ, ಎದೆ ತುಂಬ ಗಾಳಿ ಎಳೆದುಕೊಂಡು, "ಓ," ಎಂದ.